ರಕ್ತದ ಮೇಲೆ ತಪ್ಪು ಹೊರಿಸುವವರಿಗೆ

ಹೋದ ವರ್ಷ ನನ್ನ ಅಣ್ಣನ ಮಗಳನ್ನು ನೋಡಲು ಆಲೂರು ಕಡೆಯಿಂದ ಗಂಡಿನವರು ನಮ್ಮೂರು ಗೋನೆಗಂಡ್ಲಕ್ಕೆ ಬಂದಿದ್ದರು. ನಮ್ಮ ಹಾಗೆಯೇ ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತೆಲುಗು ಆಡುವ ಜನ. ಒಗ್ಗಾಣಿ, ಮೆಣಸಿನಕಾಯಿ ಬಜ್ಜಿ ತಿಂದರು, ಹುಡುಗಿಯನ್ನು ಒಪ್ಪಿದರು, ಜಾತಕವೂ ಕೂಡಿತು. ನಾಲ್ಕು ದಿನ ಕಳೆದ ಮೇಲೆ ಮಧ್ಯಸ್ಥರ ಬಾಯಿಂದ ಉತ್ತರ ಬಂತು: "ಹುಡುಗಿ ಬಂಗಾರದಂಥಾಕೆ. ಆದ್ರೆ ಆ ಮನೆ ರಕ್ತದಾಗೇ ಕುಡಿತ ಐತೆ. ನಾಳೆ ಹುಟ್ಟೋ ಮಕ್ಕಳಿಗೂ ಬಂದ್ರೆ ಏನ್ ಮಾಡೋದು?"

ಆ ರಾತ್ರಿ ನಾನು ಅಣ್ಣನ ಮೇಲೆ ರೇಗಾಡಿದೆ. "ನಿನ್ನ ದೆಸೆಯಿಂದ ಮಗಳ ಸಂಬಂಧ ಮುರೀತು ನೋಡು" ಎಂದೆ. ಅವನು ಗೋಡೆಗೆ ಒರಗಿ ಕುಳಿತವನು ತಲೆ ಎತ್ತಲಿಲ್ಲ. "ನಾನೇನ್ ಮಾಡ್ಲಿ ತಮ್ಮಾ, ಅಪ್ಪನ ರಕ್ತ. ರಕ್ತದಾಗೇ ಬಂದೈತೆ" ಎಂದ.

ನನಗೆ ನಿದ್ದೆ ಬರಲಿಲ್ಲ. ಸಂಬಂಧ ಬೇಡವೆಂದವರು ಆಡಿದ ಮಾತೂ ಅದೇ, ಸಂಬಂಧ ಮುರಿಯಲು ಕಾರಣನಾದವನು ಆಡಿದ ಮಾತೂ ಅದೇ! ಒಬ್ಬರು ಆ ಮಾತಿನಿಂದ ಒಂದು ಮನೆತನಕ್ಕೆ ಶಿಕ್ಷೆ ಕೊಟ್ಟರು, ಇನ್ನೊಬ್ಬನು ಅದೇ ಮಾತಿನಿಂದ ತನಗೆ ತಾನೇ ಕ್ಷಮೆ ಕೊಟ್ಟುಕೊಂಡ. ಈ ಇಬ್ಬರ ನಡುವೆ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯುವ ಅಂಗಡಿಯ ಹೆಸರನ್ನು ಯಾರೂ ಎತ್ತಲಿಲ್ಲ. ಈ ಲೇಖನ ಬರೆಯಲು ಕೂತದ್ದು ಆ ಸಿಟ್ಟಿನಿಂದ.

ನಾನು ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ. ಬಿ.ಎ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಕಾಸರಗೋಡು ಕಡೆಯ ನಿಮಗೂ ನಮಗೂ ಏನು ಸಂಬಂಧ ಎಂದು ಕೇಳಬಹುದು. 1953ರಲ್ಲಿ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ನಾವಿಬ್ಬರೂ ಗಡಿಯ ಆಚೆ ಉಳಿದ ಕನ್ನಡದವರು. ನಮ್ಮಂಥ ಸಣ್ಣ ಸಮುದಾಯಗಳಲ್ಲಿ ಮನೆತನದ ಹೆಸರು ಬಹಳ ದೂರ ಹೋಗುತ್ತದೆ. ಹೆಣ್ಣು ಗಂಡು ಹುಡುಕುವುದು ನಾಲ್ಕಾರು ಊರುಗಳ ಒಳಗೇ. ಅಲ್ಲಿ "ಆ ಮನೆಯ ರಕ್ತ" ಎಂಬ ಒಂದು ಮಾತು ಬಿದ್ದರೆ ಮೂರು ತಲೆಮಾರು ಅಳಿಸುವುದಿಲ್ಲ. ನಾವು ಸಾರಾಯಿ ಎನ್ನುವುದನ್ನು ತೆಲುಗಿನವರು ಸಾರಾ ಎನ್ನುತ್ತಾರೆ, ಮಲಯಾಳಿಗಳು ಚಾರಾಯಂ ಎನ್ನುತ್ತಾರೆ. ಹೆಸರೇ ಗಡಿಯನ್ನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ಅದು ತರುವ ದುಃಖಕ್ಕೆ ಗಡಿ ಎಲ್ಲಿಂದ ಬರಬೇಕು?

ಮೊದಲು ಸತ್ಯವನ್ನು ಸತ್ಯವೆಂದು ಒಪ್ಪೋಣ. ಕುಡಿತದ ಚಟಕ್ಕೆ ಬೀಳುವ ಒಲವು ಸ್ವಲ್ಪಮಟ್ಟಿಗೆ ವಂಶದಿಂದ ಬರುತ್ತದೆ. ಇದು ಅಜ್ಜಿಯರ ಗಾದೆ ಮಾತ್ರವಲ್ಲ, ವಿಜ್ಞಾನವೂ ಹೌದು. ತಂದೆ ಕುಡಿಯುವುದನ್ನು ನೋಡಿ ಮಗ ಕಲಿಯುತ್ತಾನೆ, ರಕ್ತದ ಮಾತೇಕೆ ಎಂದು ವಾದಿಸುವವರಿಗೆ ಡೆನ್ಮಾರ್ಕಿನಲ್ಲಿ ನಡೆದ ಒಂದು ಅಧ್ಯಯನ ಉತ್ತರ ಕೊಟ್ಟಿದೆ. ಡೊನಾಲ್ಡ್ ಗುಡ್ವಿನ್ ಎಂಬ ಮನೋವೈದ್ಯರೂ ಅವರ ಸಂಗಡಿಗರೂ 1973ರಲ್ಲಿ ಅದನ್ನು ಪ್ರಕಟಿಸಿದರು. ಹುಟ್ಟಿದ ಕೆಲವೇ ವಾರಗಳಲ್ಲಿ ಬೇರೆ ಮನೆಗೆ ದತ್ತು ಹೋದ ಗಂಡುಮಕ್ಕಳನ್ನು ಅವರು ಹುಡುಕಿದರು. ಹೆತ್ತವರಲ್ಲಿ ಒಬ್ಬರು ಮದ್ಯವ್ಯಸನಿಯಾಗಿದ್ದ 55 ಮಂದಿ ಒಂದು ಕಡೆ, ಹಾಗಿಲ್ಲದ 78 ಮಂದಿ ಇನ್ನೊಂದು ಕಡೆ. ಮೊದಲ ಗುಂಪಿನಲ್ಲಿ 10 ಮಂದಿ ವ್ಯಸನಿಗಳಾಗಿದ್ದರು, ಎರಡನೆಯದರಲ್ಲಿ 4 ಮಂದಿ. ಶೇಕಡಾವಾರು ನೋಡಿದರೆ 18 ಮತ್ತು 5. ಹೆತ್ತ ತಂದೆಯ ಮುಖವನ್ನೇ ನೋಡದೆ ಬೆಳೆದ ಮಕ್ಕಳಲ್ಲೂ ಅಪಾಯ ಮೂರು ನಾಲ್ಕು ಪಟ್ಟು ಹೆಚ್ಚಿತ್ತು.

ಗಂಡಿನವರು ಇಷ್ಟನ್ನು ಕೇಳಿ "ನಾವು ಹೇಳಿದ್ದೂ ಅದೇ" ಎಂದು ಎದ್ದು ಹೋಗುತ್ತಾರೆ. ಸ್ವಲ್ಪ ಕೂತು ಲೆಕ್ಕ ನೋಡಿ ಎನ್ನುತ್ತೇನೆ ನಾನು. ಲೆಕ್ಕ ನೋಡುವುದು ನನ್ನ ಕಸುಬು. 55ರಲ್ಲಿ 10 ಮಂದಿ ವ್ಯಸನಿಗಳಾದರು ಎಂದರೆ 45 ಮಂದಿ ಆಗಲಿಲ್ಲ. "ಆ ರಕ್ತ"ದವರೇ ಆದ 45 ಮಂದಿ! ಹುಟ್ಟು ಗುಣ ಸುಟ್ಟರೂ ಹೋಗದು ಎಂಬ ಗಾದೆ ನಿಜವಾಗಿದ್ದರೆ ಇವರೆಲ್ಲ ಎಲ್ಲಿಂದ ಬಂದರು?

ಆಮೇಲೆ ಅವಳಿ ಮಕ್ಕಳ ಮೇಲೂ ದತ್ತು ಮಕ್ಕಳ ಮೇಲೂ ಅನೇಕ ದೇಶಗಳಲ್ಲಿ ಅಧ್ಯಯನಗಳಾದವು. 2015ರಲ್ಲಿ ಅವನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ವಂಶದ ಪಾಲು ಸುಮಾರು ಅರ್ಧ ಎಂದು ಕಂಡುಬಂತು, ಗಂಡಸರಲ್ಲೂ ಹೆಂಗಸರಲ್ಲೂ ಸರಿಸುಮಾರು ಅಷ್ಟೇ. ಈ "ಅರ್ಧ" ಎಂಬ ಮಾತನ್ನು ಬಹಳ ಜನ ತಪ್ಪಾಗಿ ತಿಳಿಯುತ್ತಾರೆ. ಕುಡುಕನ ಮಕ್ಕಳಲ್ಲಿ ಅರ್ಧ ಜನ ಕುಡುಕರಾಗುತ್ತಾರೆ ಎಂದು ಇದರ ಅರ್ಥವಲ್ಲ. ಒಂದು ಜನಸಮೂಹದಲ್ಲಿ ಕೆಲವರು ಚಟಕ್ಕೆ ಬೀಳುತ್ತಾರೆ, ಕೆಲವರು ಬೀಳುವುದಿಲ್ಲ. ಈ ವ್ಯತ್ಯಾಸಕ್ಕಿರುವ ಕಾರಣಗಳಲ್ಲಿ ವಂಶದ್ದು ಅರ್ಧ, ಸುತ್ತಿನ ಬದುಕಿನದು ಅರ್ಧ ಎಂದಷ್ಟೇ ಅರ್ಥ. ನಮ್ಮ ಕಡೆಯ ರೈತನಿಗೆ ಇದನ್ನು ಹೇಳುವುದು ಸುಲಭ. ಒಂದೇ ಚೀಲದ ಶೇಂಗಾ ಬೀಜವನ್ನು ಗಾಜುಲದಿನ್ನೆ ಕಾಲುವೆಯ ನೀರು ಹರಿಯುವ ಹೊಲದಲ್ಲೂ ಹಾಕಿ, ಮಳೆಯನ್ನೇ ನಂಬಿದ ಕೆಂಪು ನೆಲದಲ್ಲೂ ಹಾಕಿ. ಬೀಜ ಒಂದೇ ಆದರೂ ಬೆಳೆ ಬೇರೆ ಬೇರೆ. ಆದರೂ ಬೀಜಕ್ಕೆ ಬೆಲೆಯಿಲ್ಲ ಎಂದು ಯಾವ ರೈತನೂ ಹೇಳುವುದಿಲ್ಲ. ಬೀಜವನ್ನೂ ನೋಡುತ್ತಾನೆ, ನೆಲವನ್ನೂ ನೋಡುತ್ತಾನೆ. ಮನುಷ್ಯರ ವಿಷಯ ಬಂದಾಗ ಮಾತ್ರ ನಾವು ಬೀಜವೊಂದನ್ನೇ ಹಿಡಿದು ಕೂರುತ್ತೇವೆ.

ಹಾಗಾದರೆ "ಕುಡಿತದ ಜೀನ್" ಎಂಬುದು ಒಂದಿದೆಯೇ? 1990ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಬ್ಲಮ್ ಮತ್ತು ನೋಬಲ್ ಎಂಬವರು ಮಿದುಳಿನ ಡೋಪಮೈನ್ ಎಂಬ ರಾಸಾಯನಿಕಕ್ಕೆ ಸಂಬಂಧಿಸಿದ ಒಂದು ಜೀನಿನ ರೂಪಭೇದ ವ್ಯಸನಿಗಳಲ್ಲಿ ಹೆಚ್ಚಾಗಿದೆ ಎಂದು ಪ್ರಕಟಿಸಿದರು. ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಬೇರೆಯವರು ಅದೇ ಪರೀಕ್ಷೆ ಮಾಡಿ ನೋಡಿದಾಗ ಅನೇಕರಿಗೆ ಆ ಫಲಿತಾಂಶ ಸಿಗಲಿಲ್ಲ. ಇಂದಿನ ತಿಳಿವಳಿಕೆಯಂತೆ ಅಂಥ ಒಂದೇ ಜೀನ್ ಇಲ್ಲ. ಅನೇಕಾನೇಕ ಜೀನುಗಳು ಚೂರು ಚೂರು ಪಾಲು ಹಾಕುತ್ತವೆ. ಕೆಲವು ಯಕೃತ್ತಿನಲ್ಲಿ ಮದ್ಯ ಕರಗುವ ವೇಗವನ್ನು ತೀರ್ಮಾನಿಸುತ್ತವೆ, ಕೆಲವು ಮಿದುಳಿಗೆ ಅದು ಎಷ್ಟು ಹಿತವಾಗುತ್ತದೆ ಎಂಬುದನ್ನು.

ಯಕೃತ್ತಿನ ಕಥೆ ಸ್ವಾರಸ್ಯವಾಗಿದೆ. ಕುಡಿದ ಮದ್ಯ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ, ಆಮೇಲೆ ನಿರುಪದ್ರವಿಯಾಗುತ್ತದೆ. ಈ ಎರಡನೆಯ ಹೆಜ್ಜೆಯನ್ನು ನಡೆಸುವ ಕಿಣ್ವ ಜಪಾನ್, ಚೀನಾ, ಕೊರಿಯಾಗಳ ಬಹಳ ಜನರಲ್ಲಿ ಹುಟ್ಟಿನಿಂದಲೇ ದುರ್ಬಲ. ಎರಡು ಗುಟುಕು ಕುಡಿದರೆ ಮುಖ ಕೆಂಪೇರುತ್ತದೆ, ಎದೆ ಬಡಿದುಕೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ. ಹಾಗಾಗಿ ಅಂಥವರು ಹೆಚ್ಚು ಕುಡಿಯಲಾರರು, ಚಟಕ್ಕೆ ಬೀಳುವವರೂ ಕಡಿಮೆ. ನಮ್ಮ ದೇಶದಲ್ಲಿ ಈ ರೂಪಭೇದ ವಿರಳ. ರಕ್ತದಲ್ಲಿ ಬರುವುದು ಅಪಾಯ ಮಾತ್ರವಲ್ಲ, ರಕ್ಷಣೆಯೂ ಬರುತ್ತದೆ ಎಂಬುದನ್ನು "ರಕ್ತ ರಕ್ತ" ಎನ್ನುವವರು ಗಮನಿಸಬೇಕು.

ಇನ್ನು ಮಿದುಳಿನ ವಿಷಯ. ಇದಕ್ಕಾಗಿ ಸಮುದ್ರ ದಾಟಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ವಿವೇಕ್ ಬೆನೆಗಲ್ ಮತ್ತು ಅವರ ಸಹೋದ್ಯೋಗಿಗಳು ಮದ್ಯವ್ಯಸನಿಗಳ ಹತ್ತಿರದ ಗಂಡು ಸಂಬಂಧಿಕರ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದು 1995ರಲ್ಲಿ ಪ್ರಕಟಿಸಿದರು. ಪಿ-300 ಎಂಬ ಒಂದು ಅಲೆಯ ಎತ್ತರ, ವಂಶದಿಂದ ಬರುವ ಅಪಾಯ ಹೆಚ್ಚಿದಷ್ಟೂ ತಗ್ಗಿರುವುದು ಕಂಡಿತು. ಕುಡಿತದ ಅಪಾಯ ಬಾಟಲಿಗಿಂತ ಮೊದಲೇ ಕೆಲವರ ಮಿದುಳಿನಲ್ಲಿ ಗುರುತು ಇಟ್ಟಿರಬಹುದು ಎಂಬುದಕ್ಕೆ ನಮ್ಮ ನೆರೆಯಲ್ಲೇ ಸಿಕ್ಕಿದ ಸುಳಿವು ಇದು.

ಇಲ್ಲಿಗೆ ನನ್ನ ಸ್ವಂತ ಕಥೆ ಹೇಳಬೇಕಾಗುತ್ತದೆ. ಇಷ್ಟು ದಿನ ಮನೆಯವರಿಗೂ ಹೇಳಿರಲಿಲ್ಲ.

ನಮ್ಮ ಅಪ್ಪ ಆದವಾನಿಯ ಹತ್ತಿ ಪೇಟೆಯಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುತ್ತಿದ್ದ. ಅವನ ಅಕ್ಷರ ಮುತ್ತಿನಂತೆ. ಸಂಜೆಯಾದರೆ ಅದೇ ಕೈ ನಡುಗುತ್ತಿತ್ತು. 1980ರ ದಶಕದಲ್ಲಿ ಆಂಧ್ರದ ಸರ್ಕಾರವೇ ವರುಣವಾಹಿನಿ ಎಂಬ ಚೆಂದದ ಹೆಸರಿಟ್ಟು ಸಾರಾಯಿಯನ್ನು ಪ್ಯಾಕೆಟ್ಟುಗಳಲ್ಲಿ ಹಳ್ಳಿ ಹಳ್ಳಿಗೆ ತಲುಪಿಸುತ್ತಿತ್ತು. ನಮ್ಮ ಊರಿಗೆ ಕುಡಿಯುವ ನೀರು ಬರುವುದಕ್ಕಿಂತ ಮೊದಲು ಪ್ಯಾಕೆಟ್ಟು ಬಂತು. ಅದನ್ನು ತರಲು ಅಪ್ಪ ಅಣ್ಣನನ್ನು ಕಳಿಸುತ್ತಿದ್ದ. ಅಣ್ಣ ದಾರಿಯಲ್ಲಿ ಮೂಲೆ ಕಚ್ಚಿ ಒಂದು ಗುಟುಕು ಹೀರಿಯೇ ತರುತ್ತಿದ್ದ. ಆಗ ಅವನಿಗೆ ಹದಿನಾಲ್ಕು. ಅವ್ವ ಅದನ್ನು ನೋಡಿದ ದಿನವೇ ನನ್ನನ್ನು ಬಳ್ಳಾರಿಯ ಸೋದರಮಾವನ ಮನೆಗೆ ಕಳಿಸಿಬಿಟ್ಟಳು. "ಒಬ್ಬನಾದ್ರೂ ಉಳೀಲಿ" ಎಂದಳಂತೆ. ಹದಿನೈದು ವರ್ಷಕ್ಕೆ ಮೊದಲೇ ಕುಡಿಯಲು ಶುರುಮಾಡಿದವರಲ್ಲಿ ಸುಮಾರು ಶೇಕಡಾ 40 ಮಂದಿ ಮುಂದೆ ಚಟಕ್ಕೆ ಬೀಳುತ್ತಾರೆ, ಇಪ್ಪತ್ತು ದಾಟಿ ಶುರುಮಾಡಿದವರಲ್ಲಿ ಸುಮಾರು 10 ಮಂದಿ ಎಂದು ಅಮೆರಿಕದ ದೊಡ್ಡ ಸಮೀಕ್ಷೆಯೊಂದರಿಂದ 1997ರಲ್ಲಿ ತಿಳಿದುಬಂತು. ಓದುಬರಹ ಬಾರದ ನಮ್ಮ ಅವ್ವನಿಗೆ ಅದು ಮೊದಲೇ ಗೊತ್ತಿತ್ತು.

ನಾನು ಮಾವನ ಮನೆಯಲ್ಲಿ ಬೆಳೆದೆ. ಆ ಮನೆಯಲ್ಲಿ ಯಾರೂ ಕುಡಿಯುತ್ತಿರಲಿಲ್ಲ. ಬಿ.ಎ. ಮುಗಿದ ಮೇಲೆ, 2004ರಲ್ಲಿ, ಎಮ್ಮಿಗನೂರಿನಲ್ಲಿ ಗೆಳೆಯನೊಬ್ಬನ ಮದುವೆಗೆ ಹೋದಾಗ ಮೊದಲ ಸಲ ಕುಡಿದೆ. ಜೊತೆಯವರು ಎರಡು ಪೆಗ್ಗಿಗೇ ತೊದಲತೊಡಗಿದರು. ನಾನು ಅರ್ಧ ಬಾಟಲಿ ಮುಗಿಸಿದರೂ ನೆಟ್ಟಗೆ ನಡೆದೆ, ಎಲ್ಲರನ್ನೂ ಕೋಣೆಗೆ ಮುಟ್ಟಿಸಿದೆ. "ಭಲೇ ಗಂಡು!" ಎಂದು ಬೆನ್ನು ತಟ್ಟಿದರು. ನನಗೂ ಹೆಮ್ಮೆಯಾಯಿತು. ಬೆಳಿಗ್ಗೆ ಎದ್ದಾಗ ಮೊದಲು ಬಂದ ಯೋಚನೆ, ಬಾಟಲಿಯಲ್ಲಿ ಇನ್ನೂ ಉಳಿದಿದೆಯೇ ಎಂದು. ಆಗ ಅಪ್ಪ ಸತ್ತು ಮೂರು ವರ್ಷವಾಗಿತ್ತು. ನಾನು ಹೆದರಿ ಮತ್ತೆ ಮುಟ್ಟಲಿಲ್ಲ.

ಆ ಹೆದರಿಕೆಗೆ ಕಾರಣವಿತ್ತೆಂಬುದು ಬಹಳ ವರ್ಷದ ಮೇಲೆ ಓದಿ ತಿಳಿಯಿತು. ಕ್ಯಾಲಿಫೋರ್ನಿಯಾದ ಮಾರ್ಕ್ ಶುಕಿಟ್ ಎಂಬ ವೈದ್ಯರು ಇಪ್ಪತ್ತರ ಆಸುಪಾಸಿನ ಯುವಕರಿಗೆ ಅಳತೆ ಮಾಡಿ ಮದ್ಯ ಕೊಟ್ಟು, ಯಾರಿಗೆ ಎಷ್ಟು ಅಮಲು ಹತ್ತುತ್ತದೆ ಎಂದು ನೋಡಿದರು. ಸುಮಾರು ಹತ್ತು ವರ್ಷದ ನಂತರ ಅದೇ ಯುವಕರನ್ನು ಮತ್ತೆ ಹುಡುಕಿದರು. ಮದ್ಯವ್ಯಸನಿಗಳ ಮಕ್ಕಳಲ್ಲಿ ಅಂದು ಅಮಲು ಕಡಿಮೆ ಹತ್ತಿದವರಲ್ಲಿ ಶೇಕಡಾ 56 ಮಂದಿ ವ್ಯಸನಿಗಳಾಗಿದ್ದರು, ಬೇಗ ಅಮಲೇರಿದವರಲ್ಲಿ ಶೇಕಡಾ 14 ಮಾತ್ರ. 1994ರಲ್ಲಿ ಇದು ಪ್ರಕಟವಾಯಿತು. ಅಮಲು ಹತ್ತದವನಿಗೆ ಸಾಕು ಎನ್ನುವ ಗಂಟೆ ಒಳಗೆ ಬಾರಿಸುವುದಿಲ್ಲ. ಜೊತೆಯವರಷ್ಟು ಖುಷಿಯಾಗಲು ಅವನು ಅವರಿಗಿಂತ ಹೆಚ್ಚು ಕುಡಿಯುತ್ತಾನೆ, ದೇಹ ಅದಕ್ಕೆ ಒಗ್ಗಿಬಿಡುತ್ತದೆ. ನಮ್ಮ ಮದುವೆ ಜಾತ್ರೆಗಳಲ್ಲಿ "ಎಷ್ಟು ಕುಡಿದ್ರೂ ಅಲ್ಲಾಡಲ್ಲ, ಗಂಡಸು" ಎಂದು ನಾವು ಯಾರನ್ನು ಹೊಗಳುತ್ತೇವೆಯೋ, ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವನು ಅವನೇ. ರಕ್ತದ ಬಗ್ಗೆ ಇಷ್ಟೆಲ್ಲ ಮಾತಾಡುವ ನಮ್ಮ ಹಿರಿಯರು ಈ ಒಂದು ವಿಷಯವನ್ನು ಮಕ್ಕಳಿಗೆ ಹೇಳಿದ್ದಾರೆಯೇ? ಬೆನ್ನು ತಟ್ಟುವುದನ್ನು ಬಿಟ್ಟಿದ್ದಾರೆಯೇ?

ಈಗ ಅಣ್ಣನ ವಾದಕ್ಕೆ ಬರುತ್ತೇನೆ. ನಾನೂ ಅದೇ ಅಪ್ಪನ ಮಗ. ನನ್ನ ದೇಹಕ್ಕೂ ಆ ಗುಣ ಬಂದಿದೆ ಎಂದು ಎಮ್ಮಿಗನೂರಿನ ರಾತ್ರಿಯೇ ತೋರಿಸಿತು. ನಾನು ಅಣ್ಣನಿಗಿಂತ ಒಳ್ಳೆಯವನೆಂದು ಇದರಿಂದ ಹೇಳುತ್ತಿಲ್ಲ. ನನ್ನನ್ನು ಬಳ್ಳಾರಿಗೆ ಕಳಿಸಿದರು, ಅವನನ್ನು ಸಾರಾಯಿ ಅಂಗಡಿಗೆ ಕಳಿಸಿದರು, ಅಷ್ಟೇ ವ್ಯತ್ಯಾಸ. ಆದರೆ "ರಕ್ತ, ಏನೂ ಮಾಡಲಾಗದು" ಎಂಬ ಅವನ ಮಾತನ್ನು ನಾನು ಒಪ್ಪಲಾರೆ. ನಮ್ಮ ಅಪ್ಪನೇ ಅದಕ್ಕೆ ಸಾಕ್ಷಿ.

1991ರ ಸುಮಾರಿಗೆ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯಲು ಕೂತ ಹೆಂಗಸರು ಪಾಠದಲ್ಲಿ ತಮ್ಮದೇ ಕಥೆ ಓದಿ, ಎದ್ದು ಹೋಗಿ ಸಾರಾಯಿ ಅಂಗಡಿ ಮುಚ್ಚಿಸಿದರು. ರೋಸಮ್ಮನ ಹೆಸರು ಆಂಧ್ರದ ಮನೆಮನೆಗೆ ತಿಳಿಯಿತು. 1992ರಲ್ಲಿ ಸಾರಾಯಿ ಹರಾಜುಗಳೇ ನಡೆಯದಂತಾಯಿತು. 1993ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಎನ್.ಟಿ. ರಾಮರಾವ್ ಅಧಿಕಾರಕ್ಕೆ ಬಂದ ಮೇಲೆ, 1995ರ ಜನವರಿ 16ರಿಂದ, ಪೂರ್ಣ ಪಾನನಿಷೇಧ ಬಂತು. ಆ ಬೇಸಿಗೆ ರಜೆಗೆ ನಾನು ಊರಿಗೆ ಬಂದಾಗ ಅಪ್ಪ ಸಂಜೆ ಮನೆಯಲ್ಲಿದ್ದ. ಲಾಂದ್ರದ ಮುಂದೆ ಕೂತು ನನಗೆ ಬಡ್ಡಿ ಲೆಕ್ಕ ಹೇಳಿಕೊಟ್ಟ. ಇಂದು ನಾನು ತಿನ್ನುತ್ತಿರುವ ಅನ್ನ ಆ ಲೆಕ್ಕದ್ದು.

ಪಾನನಿಷೇಧ ಪೂರ್ತಿ ಗೆದ್ದಿತೆಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮದು ಗಡಿ. ಆಚೆಯಿಂದ ಕದ್ದ ಮಾಲು ಬರುತ್ತಿತ್ತು, ಇಲ್ಲಿ ಕಳ್ಳಭಟ್ಟಿ ಕುದಿಯುತ್ತಿತ್ತು. ಅಪ್ಪನೂ ಅಮಾವಾಸ್ಯೆಗೋ ಹುಣ್ಣಿಮೆಗೋ ಎಲ್ಲಿಂದಲೋ ಕುಡಿದು ಬರುತ್ತಿದ್ದ. ಆದರೆ ದಿನಾ ಕುಡಿಯುವುದು ತಪ್ಪಿತು, ಏಕೆಂದರೆ ದಿನಾ ಅಷ್ಟು ದೂರ ಹೋಗಲು ಅವನಲ್ಲಿ ದುಡ್ಡೂ ಇರಲಿಲ್ಲ, ಕಾಲಿನಲ್ಲಿ ಕಸುವೂ ಇರಲಿಲ್ಲ. 1997ರಲ್ಲಿ ನಿಷೇಧ ಸಡಿಲಿಸಿದರು, ಅಂಗಡಿ ಮತ್ತೆ ಬಂತು. 2001ರಲ್ಲಿ ಅಪ್ಪ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಸತ್ತ. ಎರಡು ವರ್ಷ ಅವನ ಕುಡಿತ ತಗ್ಗಿತ್ತು, ಮತ್ತೆ ಏರಿತು. ಆ ನಡುವೆ ಅವನ ರಕ್ತವನ್ನು ಯಾರಾದರೂ ಬದಲಾಯಿಸಿದ್ದರೇ? ಬದಲಾದದ್ದು ಮನೆಗೂ ಬಾಟಲಿಗೂ ನಡುವಿನ ದೂರ.

ನಿಮ್ಮ ಕೇರಳದಲ್ಲೂ 1996ರ ಏಪ್ರಿಲ್ 1ರಿಂದ ಚಾರಾಯಂ ನಿಷೇಧವಾಯಿತು. ಕರ್ನಾಟಕದಲ್ಲಿ 2007ರ ಜುಲೈನಿಂದ ಸಾರಾಯಿ ನಿಂತಿತು. ಎಲ್ಲ ಕಡೆಯೂ ಸಾರಾಯಿಯ ಜಾಗಕ್ಕೆ ಬಣ್ಣದ ಬಾಟಲಿ ಬಂತು. ನಮ್ಮಲ್ಲಿ 2019ರಲ್ಲಿ ಅಂಗಡಿಗಳನ್ನು ಸರ್ಕಾರವೇ ತೆಗೆದುಕೊಂಡು ಬೆಲೆ ಏರಿಸಿತು. ಆಗ ಕರ್ನಾಟಕದ ಟೆಟ್ರಾ ಪ್ಯಾಕೆಟ್ಟುಗಳು ಗಡಿ ದಾಟಿ ಬಂದವು. ನಮ್ಮ ಮಕ್ಕಳು ಓದುವ ಕನ್ನಡ ಪುಸ್ತಕಕ್ಕೆ ಸಿಗದ ದಾರಿ ಅವಕ್ಕೆ ಸಿಕ್ಕಿತು. 2024ರ ಅಕ್ಟೋಬರಿನಲ್ಲಿ ಖಾಸಗಿಯವರ ಅಂಗಡಿಗಳು ಲಾಟರಿ ಎತ್ತಿ ಮರಳಿ ಬಂದವು, 99 ರೂಪಾಯಿಗೆ ಕ್ವಾರ್ಟರ್ ಎಂಬ ಘೋಷಣೆಯೊಂದಿಗೆ. ಪಿಂಚಣಿಯ ದಿನ ನನ್ನ ಕೌಂಟರಿನ ಮುಂದೆ ನಿಲ್ಲುವ ಮುದುಕರಲ್ಲಿ ಯಾರ ಹಣ ಮನೆಗೆ ಹೋಗುತ್ತದೆ, ಯಾರ ಹಣ ರಸ್ತೆಯ ಆಚೆ ಹೋಗುತ್ತದೆ ಎಂಬುದು ನೋಟು ಎಣಿಸಿಕೊಳ್ಳುವ ಅವಸರದಲ್ಲೇ ಗೊತ್ತಾಗುತ್ತದೆ. ಯಾವ ಪಕ್ಷ ಬಂದರೂ ಅಬಕಾರಿಯ ಹಣ ಬಿಡಲು ಮನಸ್ಸಿಲ್ಲ. ಹೀಗಿರುವಾಗ ಕುಡಿತವೆಂಬುದು ಕೆಲವು ಮನೆಗಳ ರಕ್ತದ ದೋಷ ಎಂಬ ಮಾತು ಎಷ್ಟು ಅನುಕೂಲದ ಮಾತು ನೋಡಿ! ದೋಷ ರಕ್ತದ್ದಾದರೆ ಅಂಗಡಿಯದೇನೂ ತಪ್ಪಿಲ್ಲ, ಬೊಕ್ಕಸದ್ದೂ ಇಲ್ಲ.

ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ ಸುಮಾರು 5.7 ಕೋಟಿ ಜನರಿಗೆ ಅದು ತೊಂದರೆಯಾಗಿ ಪರಿಣಮಿಸಿದ್ದು ನೆರವು ಬೇಕಾಗಿದೆ. 5.7 ಕೋಟಿ ಎಂದರೆ ಅದು ಯಾವ ಒಂದು ಜಾತಿ, ಯಾವ ಒಂದು ಮನೆತನ? ನಮ್ಮಲ್ಲಿ ಮನೆತನ ಸಾಲದೆ ಜಾತಿಯನ್ನೇ ಕುಡುಕ ಜಾತಿ ಎನ್ನುವವರೂ ಇದ್ದಾರೆ. 1871ರಲ್ಲಿ ಬ್ರಿಟಿಷರು ಕಾಯಿದೆ ಮಾಡಿ ಕೆಲವು ಜನಾಂಗಗಳನ್ನು ಹುಟ್ಟಾ ಅಪರಾಧಿಗಳೆಂದು ಬರೆದಿಟ್ಟರು. ಅದನ್ನು ಅಳಿಸಲು 1952ರವರೆಗೆ ಕಾಯಬೇಕಾಯಿತು, ಜನರ ಮನಸ್ಸಿನಿಂದ ಇನ್ನೂ ಅಳಿದಿಲ್ಲ. ವಿಜ್ಞಾನದ ಅರ್ಧ ಮಾತು ಹಿಡಿದು ಅಂಥದೇ ಇನ್ನೊಂದು ಪಟ್ಟಿ ನಾವು ಬರೆಯಬೇಕೇ? ಹೆಂಡ ಇಳಿಸುವುದನ್ನೇ ಕಸುಬಾಗಿ ಮಾಡಿಕೊಂಡಿದ್ದ ಜನರಿಗೆ ನಾರಾಯಣ ಗುರುಗಳು ಏನು ಹೇಳಿದರು? ಮದ್ಯ ವಿಷ, ಅದನ್ನು ಮಾಡಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದರು. ನಿಮ್ಮದು ಅಂಥ ರಕ್ತ, ನಿಮ್ಮಿಂದಾಗದು ಎನ್ನಲಿಲ್ಲ. ನಿಮ್ಮಿಂದಾಗುತ್ತದೆ ಎಂಬ ನಂಬಿಕೆಯಿಂದಲೇ ಹೇಳಿದರು.

ಇನ್ನೊಂದು ಸಾಕ್ಷಿ ಪ್ರತಿವರ್ಷ ಕಾರ್ತಿಕದಲ್ಲಿ ನಮ್ಮ ಕಣ್ಣ ಮುಂದೆ ನಡೆಯುತ್ತದೆ. ನಮ್ಮ ಕಡೆಯಿಂದ ಎಷ್ಟೋ ಜನ ಮಾಲೆ ಧರಿಸಿ ನಿಮ್ಮ ರಾಜ್ಯದ ಶಬರಿಮಲೆಗೆ ಬರುತ್ತಾರೆ. 41 ದಿನ ಒಂದು ಹನಿ ಮುಟ್ಟುವುದಿಲ್ಲ. ನಸುಕಿನಲ್ಲಿ ತಣ್ಣೀರು ಸ್ನಾನ, ಸಂಜೆ ಭಜನೆ, ಊರೆಲ್ಲ ಅವರನ್ನು "ಸ್ವಾಮಿ" ಎಂದು ಕರೆಯುತ್ತದೆ. ಮಾಲೆ ತೆಗೆದ ಸಂಜೆ ಕೆಲವರು ನೇರ ಅಂಗಡಿಗೆ ಹೋಗುತ್ತಾರೆ. ಅವರನ್ನು ಹಿಡಿದಿಟ್ಟದ್ದು ಭಕ್ತಿ, ಜೊತೆಗೆ ಸುತ್ತಲಿನವರ ಮರ್ಯಾದೆ. ಆ ಮರ್ಯಾದೆಯನ್ನು 42ನೆಯ ದಿನವೂ ಕೊಟ್ಟರೆ ನಮ್ಮ ಗಂಟೇನು ಹೋಗುತ್ತದೆ?

ಆದರೆ ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ಪಾಪ ಬರುತ್ತದೆ. ವರ್ಷಗಟ್ಟಲೆ ದಿನಾ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗಿ, ಫಿಟ್ಸ್ ಬಂದು, ಇಲ್ಲದ್ದು ಕಂಡಂತಾಗಿ, ಜೀವಕ್ಕೇ ಅಪಾಯವಾಗಬಹುದು. ಅಂಥವರನ್ನು ದೇವರ ಮೇಲೆ ಆಣೆ ಹಾಕಿಸಿ ಕೋಣೆಯಲ್ಲಿ ಕೂಡಿಹಾಕುವುದು ತಪ್ಪು. ವೈದ್ಯರ ಕಣ್ಣಿನ ಕೆಳಗೆ, ಔಷಧದ ಆಸರೆಯಲ್ಲಿ ಬಿಡಿಸಬೇಕು. ಸಾರ್ವಜನಿಕರಿಗಾಗಿ 14446 ಎಂಬ ಉಚಿತ ಸಹಾಯವಾಣಿ ಇದೆ.

ಸಂಬಂಧ ಮುರಿದ ತಿಂಗಳೊಳಗೆ ನಾನು ಅಣ್ಣನನ್ನು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ವೈದ್ಯರು ಬಿಳಿ ಹಾಳೆಯ ಮೇಲೆ ನಮ್ಮ ವಂಶವೃಕ್ಷ ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಕುಡಿತದಿಂದ ಹಾಳಾದವರ ಚೌಕಕ್ಕೆ ಕಪ್ಪು ತುಂಬಿದರು: ಅಜ್ಜ, ಅಪ್ಪ, ದೊಡ್ಡಪ್ಪ, ಅಣ್ಣ. ನನ್ನ ಚೌಕ ಖಾಲಿ ಉಳಿಯಿತು. ಅಣ್ಣ ಆ ಹಾಳೆಯನ್ನೇ ನೋಡುತ್ತ "ನೋಡ್ರಿ ಸಾರ್, ನಾನು ಹೇಳಿದ್ದೂ ಇದೇ" ಎಂದ. ವೈದ್ಯರು ಸಿಟ್ಟಾಗಲಿಲ್ಲ. "ಸಕ್ಕರೆ ಕಾಯಿಲೆಯೂ ವಂಶದಲ್ಲಿ ಬರುತ್ತಪ್ಪ. ಹಾಗಂತ ಯಾರಾದರೂ ದಿನಾ ಜಿಲೇಬಿ ತಿಂತಾರಾ? ವಂಶದಲ್ಲಿದೆ ಅಂತ ಗೊತ್ತಾದವನು ಬೇರೆಯವರಿಗಿಂತ ಮೊದಲು ಬಿಡಬೇಕು" ಎಂದರು. ಅಣ್ಣ ಅಂದಿನಿಂದ ಎರಡು ಸಲ ಬಿಟ್ಟು ಎರಡು ಸಲ ಜಾರಿದ್ದಾನೆ. ಈಗ ಮೂರನೆಯ ಸಲ ಬಿಟ್ಟು ಐದು ತಿಂಗಳಾಯಿತು. ಜಾರಿದವನನ್ನು ಬೈಯುವುದನ್ನು ನಾನೂ ಬಿಟ್ಟಿದ್ದೇನೆ, ಅದೂ ಸುಲಭವಲ್ಲ.

ಹಾಗಾಗಿ ನಮ್ಮ ಕನ್ನಡದ ಮನೆಗಳಿಗೆ ನನ್ನ ಬಿನ್ನಹ ಇಷ್ಟು. ವಂಶದಲ್ಲಿ ಕುಡಿತವಿದ್ದರೆ ಮುಚ್ಚಿಡಬೇಡಿ. ಆ ಮಾತನ್ನು ಮದುವೆ ಮುರಿಯಲು ಆಡಬೇಡಿ, ಮಕ್ಕಳನ್ನು ಉಳಿಸಲು ಆಡಿ. ಬಿಪಿ, ಸಕ್ಕರೆ ಕಾಯಿಲೆಯ ಹಾಗೆ ಇದನ್ನೂ ಹೇಳಿಕೊಡಿ. ಚಿಕ್ಕವರ ಕೈಯಲ್ಲಿ ಬಾಟಲಿ ತರಿಸಬೇಡಿ, ಹಬ್ಬದ ನೆಪದಲ್ಲಿ ಒಂದು ಗುಟುಕು ರುಚಿ ತೋರಿಸಬೇಡಿ. ಸಂಬಂಧ ನೋಡಲು ಬಂದಾಗ ಹುಡುಗಿಯ ಅಪ್ಪನ ರಕ್ತ ಕೇಳುವ ಬದಲು ಹುಡುಗನ ಸಂಜೆ ಹೇಗೆ ಕಳೆಯುತ್ತದೆ ಎಂದು ಕೇಳಿ. ನಮ್ಮ ಮನೆಯ ರಕ್ತಕ್ಕೆ ಹೇಸಿದ ಆ ಗಂಡಿನವರು ಊರಿಗೆ ಮರಳುವಾಗ ಬಸ್ ನಿಲ್ದಾಣದ ಹತ್ತಿರದ ಅಂಗಡಿಯ ಮುಂದೆ ಜೀಪು ನಿಲ್ಲಿಸಿದ್ದನ್ನು ನೋಡಿದವರು ಊರಲ್ಲಿ ಹತ್ತಾರು ಜನ. ಇಳಿದವರಲ್ಲಿ ಮದುಮಗನಾಗಬೇಕಿದ್ದವನೂ ಇದ್ದ.

ನನ್ನ ಮಗನಿಗೆ ಈಗ ಹದಿನಾರು. ಈ ಜೂನಿನಲ್ಲಿ ಇಂಟರ್ ಓದಲು ಕರ್ನೂಲಿನ ಹಾಸ್ಟೆಲ್ಲಿಗೆ ಹೋದ. ಹೋಗುವ ಹಿಂದಿನ ರಾತ್ರಿ ಅವನನ್ನು ಕೂರಿಸಿಕೊಂಡು ಆ ಬಿಳಿ ಹಾಳೆಯನ್ನು ಬಿಚ್ಚಿದೆ. ಅಜ್ಜನ ಚೌಕ ತೋರಿಸಿದೆ, ದೊಡ್ಡಪ್ಪನದು ತೋರಿಸಿದೆ, ಎಮ್ಮಿಗನೂರಿನ ರಾತ್ರಿಯ ಕಥೆಯನ್ನೂ ಮೊದಲ ಸಲ ಬಾಯಿಬಿಟ್ಟು ಹೇಳಿದೆ. "ಗೆಳೆಯರು ಕೊಡ್ತಾರೆ. ನಿನಗೆ ಅಮಲು ಹತ್ತಲಿಕ್ಕಿಲ್ಲ. ಹತ್ತಲಿಲ್ಲ ಅಂದ್ರೆ ಹೆಮ್ಮೆಪಡಬೇಡ, ಹೆದರಿಕೋ" ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಅಪ್ಪಾ, ನನ್ನ ಚೌಕ ಎಲ್ಲಿ?" ಎಂದು ಕೇಳಿದ. ವೈದ್ಯರು ಅವನದನ್ನು ಬರೆದಿರಲಿಲ್ಲ. ನನ್ನ ಚೌಕದ ಕೆಳಗೆ ಒಂದು ಗೆರೆ ಎಳೆದು ನಾನೇ ಬರೆದೆ. ಒಳಗೆ ಖಾಲಿ ಬಿಟ್ಟೆ.